ದಿನಬಳಕೆಗೆ ಬೆಲ್ಟ್: ಚರ್ಮವೋ, ರೆಕ್ಸಿನ್ನೋ, ಕ್ಯಾನ್ವಾಸೋ?

ಹೊಸದಾಗಿ ಕೆಲಸಕ್ಕೆ ಸೇರಿದ ತಮ್ಮನಿಗೆ ಯಾವ ಬೆಲ್ಟ್ ಕೊಡಿಸಲಿ ಅಂತ ಕೇಳಿದ್ದೀರಿ. ಅವನು ದಿನಾ ಏನು ತೊಡುತ್ತಾನೆ, ಯಾವ ಊರಲ್ಲಿದ್ದಾನೆ ಎಂಬುದರ ಮೇಲೆ ಉತ್ತರ ಬದಲಾಗುತ್ತೆ.

ಬೆಲೆಯಲ್ಲಿ ರೆಕ್ಸಿನ್, ಕ್ಯಾನ್ವಾಸ್ ಎರಡೂ ಅಗ್ಗ. ಒಳ್ಳೆಯ ಚರ್ಮಕ್ಕೆ ಹಲವು ಪಟ್ಟು ಕೊಡಬೇಕು.

ಬಾಳಿಕೆಯಲ್ಲೇ ನಿಜವಾದ ವ್ಯತ್ಯಾಸ. ರೆಕ್ಸಿನ್ ಎಂದರೆ ಬಟ್ಟೆಯ ಮೇಲಿನ ಪ್ಲಾಸ್ಟಿಕ್ ಲೇಪನ. ದಿನಾ ಬಗ್ಗುವ ತೂತಿನ ಹತ್ತಿರ ಮೊದಲು ಬಿರುಕು ಬಿಟ್ಟು, ಆಮೇಲೆ ಸಿಪ್ಪೆ ಏಳುತ್ತೆ. ಅದಕ್ಕೆ ರಿಪೇರಿ ಇಲ್ಲ. ಮೂರು ಮಿಲಿಮೀಟರಿಗೂ ದಪ್ಪನೆಯ ಒಂದೇ ಪದರದ ಚರ್ಮ ವರ್ಷಗಟ್ಟಲೆ ಬರುತ್ತೆ, ಬಳಸಿದಷ್ಟೂ ಮೆತ್ತಗಾಗುತ್ತೆ. ಆದರೆ ‘ಜೆನ್ಯೂಯಿನ್ ಲೆದರ್’ ಎಂಬ ಮುದ್ರೆಯೊಂದನ್ನೇ ನಂಬಬೇಡಿ. ಅಂಚನ್ನು ನೋಡಿ: ತೆಳು ಪದರಗಳನ್ನು ಅಂಟಿಸಿದ್ದರೆ ಅಲ್ಲೇ ಗೊತ್ತಾಗುತ್ತೆ. ಕೈಯಲ್ಲಿ ಹಿಡಿದು ನೋಡುವುದಾದರೆ ನಮ್ಮ ಸರ್ಕಾರದ ಲಿಡ್ಕರ್ ಮಳಿಗೆಗೆ ಹೋಗಿಬನ್ನಿ.

ಮಂಗಳೂರು, ಮಲೆನಾಡಿನ ಕಡೆಯಾದರೆ ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತೆ; ಒರೆಸಿ, ಗಾಳಿಯಾಡುವ ಕಡೆ ನೇತುಹಾಕಬೇಕು. ಬೈಕಿನಲ್ಲಿ ನೆನೆಯುವವರಿಗೆ ತೊಳೆದು ಒಣಗಿಸುವ ಕ್ಯಾನ್ವಾಸೇ ಸುಲಭ. ಜಾರುವ ಬಕಲ್ ಇದ್ದರೆ ತೂತಿನ ಗೊಡವೆಯೂ ಇಲ್ಲ. ಜೀನ್ಸಿಗೆ ಚೆನ್ನ, ಇಸ್ತ್ರಿ ಪ್ಯಾಂಟಿಗೆ ಒಪ್ಪಲ್ಲ.

ದಿನಾ ಫಾರ್ಮಲ್ಸ್ ಹಾಕುವವನಾದರೆ ಸುಮಾರು 35 ಮಿಲಿಮೀಟರ್ ಅಗಲದ ಚರ್ಮದ್ದು. ವರ್ಷಕ್ಕೆ ನಾಲ್ಕು ಮದುವೆಗಷ್ಟೇ ಬೇಕಿದ್ದರೆ ರೆಕ್ಸಿನ್ ಸಾಕು. ಅಳತೆ ಮಾತ್ರ ಪ್ಯಾಂಟಿನ ಸೊಂಟಕ್ಕಿಂತ ಎರಡಿಂಚು ಹೆಚ್ಚಿರಲಿ.