ಮಕ್ಕಳ ಆಸ್ಪತ್ರೆಯ ಎಂ.ಡಿ. ಸೀಟು: ಬೆಡ್ ಎಣಿಸಿ ಆರಿಸಬೇಡಿ

ನೀಟ್ ಪಿ.ಜಿ. (ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ರ‍್ಯಾಂಕ್ ಕೈಗೆ ಬಂದು ಪೀಡಿಯಾಟ್ರಿಕ್ಸ್ (ಮಕ್ಕಳ ವೈದ್ಯಶಾಸ್ತ್ರ) ಎಂದು ಮನಸ್ಸು ಮಾಡಿದವರು ಮೊದಲು ಕೇಳುವುದು ‘ಅಲ್ಲಿ ಎಷ್ಟು ಬೆಡ್?’, ಆಮೇಲೆ ‘ಸ್ಟೈಪೆಂಡ್ ಎಷ್ಟು?’ ಎರಡೂ ಬೇಕಾದ ಮಾಹಿತಿಯೇ. ಆದರೆ ಮೂರು ವರ್ಷ ಮುಗಿದಾಗ ಕೈಗೆ ಎಷ್ಟು ಕೆಲಸ ಬಂದಿರುತ್ತದೆ ಎಂಬುದನ್ನು ಬೆಡ್ ಸಂಖ್ಯೆ ಹೇಳುವುದಿಲ್ಲ. ಅದು ನಿಂತಿರುವುದು ರಾತ್ರಿ ಎರಡು ಗಂಟೆಗೆ ಮೊದಲ ವರ್ಷದ ಪಿ.ಜಿ. (ಸ್ನಾತಕೋತ್ತರ ವಿದ್ಯಾರ್ಥಿ) ಪಕ್ಕದಲ್ಲಿ ಯಾರಿರುತ್ತಾರೆ ಎಂಬುದರ ಮೇಲೆ. ಈ ತರಬೇತಿಯನ್ನು ಇಲ್ಲಿ ತೂಗಿರುವುದು ಆ ಅಳತೆಯಿಂದಲೇ.

ಕರ್ನಾಟಕದಲ್ಲಿ ಕಲಿಯುವ ಜಾಗಗಳು ಮುಖ್ಯವಾಗಿ ಎರಡು ಬಗೆ. ಒಂದು, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂತೆ ಮಕ್ಕಳಿಗೆಂದೇ ಇರುವ ಆಸ್ಪತ್ರೆ. ಇನ್ನೊಂದು, ಬೆಂಗಳೂರಿನ ವಾಣಿವಿಲಾಸ ಅಥವಾ ಮೈಸೂರಿನ ಚೆಲುವಾಂಬದಂತೆ ಹೆರಿಗೆಯೂ ಮಕ್ಕಳ ವಾರ್ಡೂ ಒಟ್ಟಿಗೆ ಇರುವ, ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ. ಮಕ್ಕಳದ್ದೇ ಆಸ್ಪತ್ರೆಯಲ್ಲಿ ಬೇರೆಡೆಯಿಂದ ರೆಫರ್ ಆಗಿ ಬಂದ ಕಷ್ಟದ ಕೇಸುಗಳು ಹೆಚ್ಚು: ಹುಟ್ಟಿನಿಂದ ಬಂದ ಹೃದಯದ ತೊಂದರೆ, ಮೂತ್ರಪಿಂಡದ ನೆಫ್ರೋಟಿಕ್ ಸಿಂಡ್ರೋಮ್, ಮೆಟಬಾಲಿಕ್ ಕಾಯಿಲೆ, ನಿಲ್ಲದ ಫಿಟ್ಸ್. ಎರಡನೇ ಬಗೆಯಲ್ಲಿ ಮಗು ಹುಟ್ಟಿದ ಕ್ಷಣದಿಂದ ನಿಮ್ಮ ಕೈಯಲ್ಲಿರುತ್ತದೆ. ಎರಡರಲ್ಲೂ ಒಂದೊಂದು ಕೊರತೆ ಇದೆ, ಅದನ್ನು ತಿಳಿದೇ ಸೀಟು ಆರಿಸಬೇಕು.

ಮೊದಲ ಆರು ತಿಂಗಳು ಹೆಚ್ಚುಕಡಿಮೆ ಎಲ್ಲಾ ಕಡೆ ಒಂದೇ ಕಥೆ: ಲೈನ್ ಹಾಕುವುದು (ರಕ್ತನಾಳಕ್ಕೆ ಡ್ರಿಪ್ ನಳಿಕೆ ಸೇರಿಸುವುದು), ಸ್ಯಾಂಪಲ್ ತೆಗೆಯುವುದು, ಕೇಸ್ ಶೀಟ್ ಬರೆಯುವುದು. ಲೈನ್ ಹಾಕುವುದನ್ನು ಹಗುರವಾಗಿ ನೋಡುವವರಿದ್ದಾರೆ, ಅದು ತಪ್ಪು. ಹಳದಿ ಬಣ್ಣದ 24 ಗೇಜ್ ಕ್ಯಾನುಲಾ, ನವಜಾತ ಶಿಶುವಿಗೆ ನೇರಳೆ ಬಣ್ಣದ, ಇನ್ನೂ ಸಣ್ಣ 26 ಗೇಜ್; ತಣ್ಣಗಿರುವ ಕೈಯನ್ನು ಮೊದಲು ಬೆಚ್ಚಗೆ ಮಾಡುವುದು; ಪ್ಲಾಸ್ಟರ್ ಅಂಟಿಸುವಾಗ ಬೆರಳ ತುದಿಗಳು ಮತ್ತು ಸೂಜಿ ಹೋದ ಜಾಗ ಕಾಣುವಂತೆ ಬಿಡುವುದು. ಆ ಜಾಗ ಮುಚ್ಚಿಹೋದರೆ ಲೈನ್ ಹೊರಗೆ ಸೋರುತ್ತಿರುವುದು ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ ಗ್ಲುಕೊನೇಟ್ ಸೋರಿದರೆ ಚರ್ಮವೇ ಕೊಳೆತು ಉದುರಬಹುದು. ಶಾಕ್‌ನಲ್ಲಿರುವ ಮಗುವಿಗೆ ರಕ್ತನಾಳ ಸಿಗದಿದ್ದರೆ ಹುಡುಕುತ್ತಾ ಹೊತ್ತು ಕಳೆಯದೆ ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಒಳಬದಿಯ ಚಪ್ಪಟೆ ಭಾಗಕ್ಕೆ ಇಂಟ್ರಾಆಸಿಯಸ್ ಸೂಜಿ ಹಾಕಬೇಕು. ಆಸ್ಪತ್ರೆ ನೋಡಲು ಹೋದಾಗ ಆ ಸೂಜಿ ಎಮರ್ಜೆನ್ಸಿ ಟ್ರಾಲಿಯಲ್ಲೇ ಇದೆಯೇ, ಬೀರುವಿನಲ್ಲಿ ಬೀಗದೊಳಗಿದೆಯೇ ಎಂದು ನೋಡಿ. ಇದೊಂದರಿಂದಲೇ ಆ ಘಟಕದ ಶಿಸ್ತು ತಿಳಿಯುತ್ತದೆ.

ಈ ತರಬೇತಿಯ ನಿಜವಾದ ಸತ್ವ ಇರುವುದು ಲೆಕ್ಕದಲ್ಲಿ. ದೊಡ್ಡವರ ವಾರ್ಡಿನಲ್ಲಿ ‘ಒಂದು ಆಂಪೂಲ್ ಕೊಡಿ’ ಎಂದರೆ ನಡೆಯುವುದುಂಟು. ಇಲ್ಲಿ 900 ಗ್ರಾಂ ಶಿಶುವಿನಿಂದ 60 ಕೆ.ಜಿ. ಹುಡುಗನವರೆಗೆ ಒಂದೇ ದಿನ ನೋಡಬೇಕು. ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಒಂದು ಸಲಕ್ಕೆ ಕೆ.ಜಿ.ಗೆ 15 ಮಿ.ಗ್ರಾಂ. ಡ್ರಾಪ್ಸ್‌ನಲ್ಲಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ ಇರುತ್ತದೆ, 125ರ ಸಿರಪ್‌ನಲ್ಲಿ 5 ಮಿ.ಲೀ.ಗೆ 125, ಅಂದರೆ ಮಿ.ಲೀ.ಗೆ 25. ಚೀಟಿಯಲ್ಲಿ ‘4 ಮಿ.ಲೀ.’ ಎಂದಷ್ಟೇ ಬರೆದು ತಾಯಿ ಮನೆಯಲ್ಲಿದ್ದ ಡ್ರಾಪ್ಸ್ ಬಾಟಲಿಯಿಂದ ಅಷ್ಟು ಕೊಟ್ಟರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಮಿ.ಗ್ರಾಂ, ಮಿ.ಲೀ., ಬಾಟಲಿಯ ಬಲ ಮೂರನ್ನೂ ಬರೆಯದ ಚೀಟಿಯನ್ನು ಸಹಿ ಹಾಕದೆ ವಾಪಸ್ ಕಳಿಸುವ ಸೀನಿಯರ್ ಇದ್ದರೆ ಅದು ಒಳ್ಳೆಯ ಘಟಕ.

ಐ.ಸಿ.ಯು.ನಲ್ಲಿ ಇದೇ ತಪ್ಪು ಹತ್ತು ಪಟ್ಟಾಗುತ್ತದೆ. ರಕ್ತದೊತ್ತಡ ಹಿಡಿದಿಡುವ ಡೋಪಮಿನ್‌ಗೆ ಮಗುವಿನ ತೂಕವನ್ನು 3ರಿಂದ ಗುಣಿಸಿ ಅಷ್ಟು ಮಿ.ಗ್ರಾಂ ಔಷಧವನ್ನು 50 ಮಿ.ಲೀ.ಗೆ ತಂದರೆ, ಗಂಟೆಗೆ 1 ಮಿ.ಲೀ. ಹೋದಾಗ ನಿಮಿಷಕ್ಕೆ ಕೆ.ಜಿ.ಗೆ 1 ಮೈಕ್ರೋಗ್ರಾಂ ಸಿಗುತ್ತದೆ. ಅಡ್ರಿನಲಿನ್‌ಗೆ ಗುಣಿಸಬೇಕಾದ್ದು 0.3ರಿಂದ, ಆಗ ಅದೇ 1 ಮಿ.ಲೀ.ಗೆ ಸಿಗುವುದು 0.1 ಮೈಕ್ರೋಗ್ರಾಂ. ನಿದ್ದೆಗೆಟ್ಟ ತಲೆಗೆ 3 ಮತ್ತು 0.3 ಅದಲುಬದಲಾಗುವುದು ಸುಲಭ. ಆದ್ದರಿಂದ ಡೈಲ್ಯೂಷನ್ ಚಾರ್ಟ್ ಗೋಡೆಯ ಮೇಲಿರಬೇಕು, ಇಬ್ಬರು ಬೇರೆಬೇರೆಯಾಗಿ ಲೆಕ್ಕ ಮಾಡಿ ತಾಳೆ ನೋಡಬೇಕು, ಸಿರಿಂಜಿನ ಮೇಲೆ ಔಷಧದ ಹೆಸರು, ಪ್ರಮಾಣ, ಬೆರೆಸಿದ ವೇಳೆ ಇರಬೇಕು. ಪಂಪ್‌ಗಳು ಸಾಲದ ವಾರ್ಡಿನಲ್ಲಿ ಮೈಕ್ರೋಡ್ರಿಪ್ ಸೆಟ್ಟೇ ಗತಿ. ಅದರಲ್ಲಿ 60 ಹನಿಗೆ 1 ಮಿ.ಲೀ.; ನಿಮಿಷಕ್ಕೆ ಎಷ್ಟು ಹನಿಯೋ ಗಂಟೆಗೆ ಅಷ್ಟೇ ಮಿ.ಲೀ. ಈ ಸರಳ ಲೆಕ್ಕ ಬಾಯಿಗೆ ಬರುವ ಸಿಸ್ಟರ್‌ಗಳಿರುವ ವಾರ್ಡಿನಲ್ಲಿ ಪಿ.ಜಿ. ಅರ್ಧ ಕಲಿಯುವುದು ಅವರಿಂದಲೇ.

ಫ್ಲೂಯಿಡ್ ವಿಷಯದಲ್ಲಿ ಬೆಂಗಳೂರಿನ ಮಳೆಗಾಲಕ್ಕಿಂತ ದೊಡ್ಡ ಮೇಷ್ಟ್ರಿಲ್ಲ. ಡೆಂಗಿ ಶಾಕ್‌ನಲ್ಲಿ ರಕ್ತದೊತ್ತಡ ಇನ್ನೂ ಬೀಳದ ಮಗುವಿಗೆ ಮೊದಲ ಗಂಟೆ ಕೆ.ಜಿ.ಗೆ 10 ಮಿ.ಲೀ. ಕೊಟ್ಟು, ಸುಧಾರಿಸಿದಂತೆ 7, 5, 3 ಎಂದು ಇಳಿಸುತ್ತಾ ಬರಬೇಕು. ಪ್ರತಿ ಹಂತದಲ್ಲೂ ನಾಡಿ, ಕೈಕಾಲಿನ ಬಿಸಿ, ಉಚ್ಚೆಯ ಪ್ರಮಾಣ, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ನೋಡಬೇಕು. ಎಡವುವುದು ಸಾಮಾನ್ಯವಾಗಿ ಶುರುವಿನಲ್ಲಲ್ಲ, ಕೊನೆಯಲ್ಲಿ. ಡೆಂಗಿಯಲ್ಲಿ ರಕ್ತನಾಳದಿಂದ ಹೊರಗೆ ಸೋರಿದ ನೀರು ಮತ್ತೆ ಒಳಗೆ ಮರಳುವ ಹೊತ್ತಿಗೂ ಪ್ಲೇಟ್‌ಲೆಟ್ ಕಡಿಮೆ ಇದೆಯೆಂದು ಹೆದರಿ ಡ್ರಿಪ್ ನಿಲ್ಲಿಸದೆ ಬಿಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ತೀವ್ರ ಅಪೌಷ್ಟಿಕತೆಯ ಮಗುವಿಗೆ ಎಲ್ಲರಿಗೂ ಕೊಟ್ಟ ಹಾಗೆ ವೇಗವಾಗಿ ಬೋಲಸ್ (ಒಮ್ಮೆಗೇ ದೊಡ್ಡ ಪ್ರಮಾಣ) ಕೊಟ್ಟರೆ ಹೃದಯ ತಡೆಯುವುದಿಲ್ಲ. ಸಕ್ಕರೆ ಕಾಯಿಲೆಯ ಮಗುವಿನ ರಕ್ತ ಆಮ್ಲೀಯವಾಗುವ ಡಯಾಬಿಟಿಕ್ ಕೀಟೋಆಸಿಡೋಸಿಸ್‌ನಲ್ಲಿ ಇನ್ಸುಲಿನ್ ಬೋಲಸ್ ಇಲ್ಲವೇ ಇಲ್ಲ. ಫ್ಲೂಯಿಡ್ ಶುರುವಾಗಿ ಒಂದು ಗಂಟೆಯಾದ ಮೇಲೆ ಕೆ.ಜಿ.ಗೆ ಗಂಟೆಗೆ 0.05ರಿಂದ 0.1 ಯೂನಿಟ್. ಈ ಮೂರು ಮಕ್ಕಳೂ ಒಂದೇ ರಾತ್ರಿ ಬಂದಾಗ ಮೂವರಿಗೂ ಮೂರು ವೇಗ ಯಾಕೆ ಎಂದು ಅಲ್ಲೇ ನಿಂತು ಹೇಳಿಕೊಡುವವರು ಬೇಕು. ಫೋನಿನಲ್ಲಿ ಸಲಹೆ ಕೊಡುವ ಸೀನಿಯರ್ ಇದ್ದರೂ ಇಲ್ಲದ ಲೆಕ್ಕ.

ಎನ್.ಐ.ಸಿ.ಯು. (ನವಜಾತ ಶಿಶುಗಳ ಐ.ಸಿ.ಯು.) ವಿಷಯದಲ್ಲಿ ಮಕ್ಕಳದ್ದೇ ಆಸ್ಪತ್ರೆಯ ಕೊರತೆ ಎದ್ದು ಕಾಣುತ್ತದೆ. ಹೆರಿಗೆ ಕೋಣೆ ಇಲ್ಲದ ಕಡೆ ಶಿಶುಗಳೆಲ್ಲ ಹೊರಗೆ ಹುಟ್ಟಿ ಬಂದವರೇ. ವೆಂಟಿಲೇಟರ್, ಹೊಕ್ಕುಳ ರಕ್ತನಾಳದ ಕ್ಯಾತಿಟರ್, ರಕ್ತ ಬದಲಿಸುವ ಎಕ್ಸ್‌ಚೇಂಜ್ ಟ್ರಾನ್ಸ್‌ಫ್ಯೂಷನ್ ಎಲ್ಲ ಕಲಿಯುವಿರಿ, ಆದರೆ ಹುಟ್ಟಿದ ಮೊದಲ ನಿಮಿಷ ಕೈತಪ್ಪುತ್ತದೆ. ಒರೆಸಿ ಬೆಚ್ಚಗಿಟ್ಟು, ಉಸಿರಾಡದಿದ್ದರೆ 60 ಸೆಕೆಂಡಿನೊಳಗೆ ಬ್ಯಾಗ್ ಹಿಡಿದು ನಿಮಿಷಕ್ಕೆ 40ರಿಂದ 60 ಉಸಿರು ಕೊಡುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಎದೆ ಏಳದಿದ್ದರೆ ಮೊದಲು ಮಾಸ್ಕ್ ಸರಿಪಡಿಸಿ, ಕತ್ತು ಸರಿಮಾಡಿ, ಬಾಯಿ ಮೂಗು ಹೀರಿ, ಬಾಯಿ ತೆರೆದು, ಆಮೇಲೆ ಒತ್ತಡ ಹೆಚ್ಚಿಸಬೇಕು. ಅಭ್ಯಾಸವಿಲ್ಲದವರು ನೇರವಾಗಿ ಎದೆ ಒತ್ತಲು ಹೋಗುತ್ತಾರೆ. ಆದ್ದರಿಂದ ಇಂಥ ಆಸ್ಪತ್ರೆಯ ಸೀಟು ತೆಗೆದುಕೊಳ್ಳುವ ಮುಂಚೆ ‘ಹೆರಿಗೆ ಕೋಣೆಯ ಪೋಸ್ಟಿಂಗ್ ಎಲ್ಲಿ, ಎಷ್ಟು ತಿಂಗಳು?’ ಎಂದು ಕೇಳಲೇಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿಯನ್ನು ಶಿಕ್ಷೆ ಎಂದು ಹಲವರು ತಿಳಿಯುತ್ತಾರೆ. ಜಿಲ್ಲಾ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಕಳೆದರೆ ಈ ಕೊರತೆಯನ್ನು ತುಂಬುವುದು ಆ ಮೂರು ತಿಂಗಳೇ.

ಎನ್.ಐ.ಸಿ.ಯು.ನಲ್ಲಿ ಇನ್ನೊಂದನ್ನು ಗಮನಿಸಿ. ಒಂದು ಕೆ.ಜಿ. ಶಿಶುವಿನ ಮೈಯಲ್ಲಿರುವ ರಕ್ತ ಸುಮಾರು 80ರಿಂದ 90 ಮಿ.ಲೀ. ಬೆಳಿಗ್ಗೆ ಎರಡು, ಸಂಜೆ ಎರಡು, ಕ್ಲಾಟ್ ಆಯಿತೆಂದು ಮತ್ತೊಂದು ಮಿ.ಲೀ. ತೆಗೆದರೆ ಒಂದೇ ದಿನದಲ್ಲಿ ಸುಮಾರು ಹದಿನೇಳರಲ್ಲೊಂದು ಪಾಲು ಹೋಯಿತು. ಎಲ್ಲಾ ಪರೀಕ್ಷೆಗಳನ್ನು ಒಂದೇ ಚುಚ್ಚಿಗೆ ಸೇರಿಸಿ, ತೆಗೆದ ರಕ್ತದ ಲೆಕ್ಕ ಬರೆದಿಡುವ ಘಟಕಗಳಿವೆ. ಅಲ್ಲಿ ಕಲಿತವರಿಗೆ ಜೀವನಪರ್ಯಂತ ಆ ಎಚ್ಚರ ಉಳಿಯುತ್ತದೆ. ಡಿಸ್ಚಾರ್ಜ್ ಸಮರಿಯಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವಿನ ಕಣ್ಣಿನ ಆರ್.ಒ.ಪಿ. (ರೆಟಿನಾ ತೊಂದರೆ) ಪರೀಕ್ಷೆಯ ತಾರೀಖು ಇದೆಯೇ ಎಂದೂ ನೋಡಿ. ಆ ಒಂದು ಸಾಲು ಬಿಟ್ಟುಹೋದರೆ ಮಗು ದೃಷ್ಟಿ ಕಳೆದುಕೊಳ್ಳಬಹುದು.

ಉಪವಿಭಾಗಗಳು ಹೆಚ್ಚಿರುವುದು ಮೇಲ್ನೋಟಕ್ಕೆ ಲಾಭ. ಆದರೆ ಡಿ.ಎಂ. (ಎಂ.ಡಿ. ನಂತರದ ಸೂಪರ್ ಸ್ಪೆಷಾಲಿಟಿ ಪದವಿ), ಫೆಲೋಶಿಪ್ ವಿದ್ಯಾರ್ಥಿಗಳು ತುಂಬಾ ಇದ್ದ ಕಡೆ ಇಂಟ್ಯುಬೇಷನ್ (ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದು), ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಲೈನ್) ಅವರ ಪಾಲಾಗಿ, ಎಂ.ಡಿ. ಪಿ.ಜಿ.ಗೆ ರೌಂಡ್ಸ್ ನೋಟ್ಸ್ ಉಳಿಯುವ ಅಪಾಯವಿದೆ. ಎರಡನೇ ವರ್ಷದವರ ಲಾಗ್ ಬುಕ್ ಕೇಳಿ ನೋಡಿ. ‘ನೋಡಿದ್ದು’, ‘ಸಹಾಯ ಮಾಡಿದ್ದು’, ‘ಸ್ವತಃ ಮಾಡಿದ್ದು’ ಎಂಬ ಕಾಲಂಗಳಲ್ಲಿ ಮೂರನೆಯದು ಖಾಲಿಯಿದ್ದರೆ ಬೇರೆ ಕಾಲೇಜು ನೋಡಿಕೊಳ್ಳಿ.

ಕೆಲಸದ ಹೊತ್ತು ಈ ತರಬೇತಿಯ ಅತಿ ದುರ್ಬಲ ಭಾಗ. 2023ರ ಪಿ.ಜಿ. ನಿಯಮಾವಳಿ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಕ್ಯಾಶುಯಲ್ ಲೀವ್, ದಿನಕ್ಕೆ ಸಮಂಜಸ ವಿಶ್ರಾಂತಿ ಎನ್ನುತ್ತದೆ. ಆದರೂ ರಾತ್ರಿ ಡ್ಯೂಟಿ ಮುಗಿಸಿದವರು ಮರುದಿನ ಮಧ್ಯಾಹ್ನದ ತನಕ ವಾರ್ಡಿನಲ್ಲೇ ಇರುವುದು ಎಷ್ಟೋ ಕಡೆ ರೂಢಿ. ಇದರಲ್ಲಿ ವೈದ್ಯರ ಸುಖಕ್ಕಿಂತ ಮಗುವಿನ ಜೀವದ ಪ್ರಶ್ನೆ ದೊಡ್ಡದು, ಮೇಲಿನ ದಶಮಾಂಶದ ಲೆಕ್ಕ ತಪ್ಪುವುದು ಇಂಥ ತಲೆಗೇ. ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವುದು, ರಿಪೋರ್ಟ್ ತರುವುದು, ಬ್ಲಡ್ ಬ್ಯಾಂಕಿನ ಮುಂದೆ ಕಾಯುವುದು ಪಿ.ಜಿ. ಕೆಲಸವಾಗಿದ್ದರೆ ಡ್ಯೂಟಿಯ ಎಷ್ಟೋ ಗಂಟೆ ಕಲಿಕೆಯಿಲ್ಲದೆ ಹೋಗುತ್ತದೆ. ಥೀಸಿಸ್ ಬಗ್ಗೆ ಒಂದೇ ಮಾತು: ಮಾಮೂಲಿ ವಾರ್ಡಿನಲ್ಲಿ ಸಿಗುವ ಕಾಯಿಲೆಯನ್ನೇ ವಿಷಯವಾಗಿ ಆರಿಸಿ, ಅಪರೂಪದ ಸಿಂಡ್ರೋಮ್ ಹಿಡಿದವರಿಗೆ ಕೇಸು ಸಾಲದೆ ಪರೀಕ್ಷೆಗೆ ಆರು ತಿಂಗಳಿರುವಾಗ ಪೇಚಾಟ.

ಮುಂದೆ ಡಿ.ಎಂ. ಮಾಡಬೇಕೆಂಬವರಿಗೆ, ಕಷ್ಟದ ಕೇಸುಗಳ ಹಸಿವಿರುವವರಿಗೆ ಮಕ್ಕಳದ್ದೇ ಆಸ್ಪತ್ರೆ ಒಳ್ಳೆಯದು. ತಾಲ್ಲೂಕು ಊರಿನಲ್ಲಿ ನರ್ಸಿಂಗ್ ಹೋಮ್ ನಡೆಸುವವರಿಗೆ, ಸರ್ಕಾರಿ ಸೇವೆಗೆ ಹೋಗುವವರಿಗೆ ಹೆರಿಗೆ ವಿಭಾಗ ಜೊತೆಗಿರುವ ಕಾಲೇಜೇ ಹೊಂದುತ್ತದೆ. ಅಲ್ಲಿ ಸಿಸೇರಿಯನ್ ಕೋಣೆಯಿಂದ ಕರೆ ಬಂದಾಗ ಒಬ್ಬರೇ ಹೋಗಬೇಕು. ಯಾವುದನ್ನೇ ಆರಿಸಿದರೂ ಕೌನ್ಸೆಲಿಂಗ್‌ನಲ್ಲಿ ಆಯ್ಕೆ ನಮೂದಿಸುವ ಮೊದಲು ಒಂದು ಸಲ ಹೋಗಿ ಬನ್ನಿ. ಹಗಲು ಹೊತ್ತು ಬೇಡ, ಆಗ ಪ್ರೊಫೆಸರ್‌ಗಳೆಲ್ಲ ಇರುತ್ತಾರೆ. ಭಾನುವಾರ ರಾತ್ರಿ ಎಂಟರ ಮೇಲೆ ಹೋಗಿ, ಮೊದಲ ವರ್ಷದವರನ್ನು ಮಾತಾಡಿಸಿ, ಕೊನೆಯ ಸಲ ಮಗುವಿಗೆ ಟ್ಯೂಬ್ ಹಾಕುವಾಗ ಜೊತೆಗೆ ಯಾರಿದ್ದರು ಎಂದು ಕೇಳಿ.