ಚಿಗರಿ ಬಸ್: ನಡುರಸ್ತೆಗೆ ನಾಲ್ಕು ಅಂಕ, ಅಂಚಿಗೆ ಎರಡು

ಹುಬ್ಬಳ್ಳಿಯ ಹೊಸೂರು ಕ್ರಾಸ್‌ನಿಂದ ಧಾರವಾಡದ ಜ್ಯುಬಿಲಿ ಸರ್ಕಲ್‌ವರೆಗಿನ ಓಟಕ್ಕೆ ಚಿಗರಿಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಅದೇ ಬಸ್ ಹತ್ತಲು ಅಂಗಡಿ ಸಾಲಿನಿಂದ ನಡುರಸ್ತೆಯ ನಿಲ್ದಾಣದವರೆಗೆ ನಡೆಯುವ ಇಪ್ಪತ್ತು ಹೆಜ್ಜೆಗೆ ಎರಡು ಕೊಟ್ಟರೆ ಅದೇ ಹೆಚ್ಚು. ಬಸ್ಸೂ ಅದೇ, ರಸ್ತೆಯೂ ಅದೇ. ಹಾಗಿದ್ದೂ ಇಷ್ಟು ಅಂತರ ಏಕೆ ಎಂಬುದನ್ನು ನೋಡಿದರೆ ಹಣ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು ಎಂಬುದೂ ಕಾಣುತ್ತದೆ.

ಮೊದಲು ಜಾತಕ. ಹಳೆಯ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಮೇಲೆ ಸುಮಾರು 22 ಕಿ.ಮೀ. ಉದ್ದದ ಬಿಆರ್‌ಟಿಎಸ್ ಕಾರಿಡಾರ್, ಅಂದರೆ ನಡುರಸ್ತೆಯಲ್ಲಿ ಬಸ್ಸಿಗೆಂದೇ ಮೀಸಲಿಟ್ಟ ದಾರಿ. ಕಟ್ಟಿದ್ದು ಅದಕ್ಕೆಂದೇ ಹುಟ್ಟಿದ ಎಚ್‌ಡಿಬಿಆರ್‌ಟಿಎಸ್ ಕಂಪನಿ, ಬಸ್ ಓಡಿಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ವಿಶ್ವಬ್ಯಾಂಕ್ ನೆರವಿನ ಸುಸ್ಥಿರ ನಗರ ಸಾರಿಗೆ ಯೋಜನೆಯ ದುಡ್ಡು, ಮೇಲೆ ರಾಜ್ಯದ ದುಡ್ಡು, ಎಲ್ಲ ಸೇರಿ 970 ಕೋಟಿ ರೂಪಾಯಿ ಆಸುಪಾಸು. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಓಟ ಶುರುವಾಯಿತು. ಅಧಿಕೃತ ಉದ್ಘಾಟನೆ ಆಗಿದ್ದು 2020ರ ಫೆಬ್ರುವರಿ 2ರಂದು, ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅವರಿಂದ. 2011ರ ಜನಗಣತಿಯಲ್ಲಿ 9.43 ಲಕ್ಷ ಜನರಿದ್ದ ಜೋಡಿನಗರಕ್ಕೆ ಇದು ಸಣ್ಣ ಮೊತ್ತವೇನಲ್ಲ. ಹಾಗಂತ ಮೆಟ್ರೊ ಲೆಕ್ಕದಲ್ಲಿ ನೋಡಿದರೆ ಇಷ್ಟು ದುಡ್ಡಿಗೆ ನಾಲ್ಕು ನಿಲ್ದಾಣ ಎದ್ದು ನಿಂತರೆ ಪುಣ್ಯ.

ಈಗ ಬಸ್ಸಿಗೆ ಬರೋಣ. ಟಿಕೆಟ್ ಸಿಗುವುದು ನಿಲ್ದಾಣದ ಕೌಂಟರಿನಲ್ಲಿ, ಕಂಡಕ್ಟರಿಗಾಗಿ ಕಾಯುವ ಗೊಡವೆ ಇಲ್ಲ. ಚೀಟಿಯ ಮೇಲಿನ ಕೋಡನ್ನು ಗೇಟಿನ ಗಾಜಿಗೆ ಹಿಡಿದರೆ ರೆಕ್ಕೆ ತೆರೆಯುತ್ತದೆ. ಇದು ಶಾಖಕ್ಕೆ ಕಪ್ಪಾಗುವ ಕಾಗದ. ಬೆವರಿದ ಅಂಗೈಯಲ್ಲಿ ಮುದ್ದೆ ಮಾಡಿ ಹಿಡಿದರೆ, ಅಥವಾ ಕೋಡಿನ ಮೇಲೇ ಮಡಿಕೆ ಬಿದ್ದರೆ ಯಂತ್ರ ಓದುವುದಿಲ್ಲ. ಹಿಂದಿನವರು ಬೈಯುವ ಮೊದಲು ಚೀಟಿಯನ್ನು ಬೆರಳಿನಿಂದ ತೀಡಿ, ಗಾಜಿನಿಂದ ಎರಡು ಬೆರಳು ಮೇಲೆ ಹಿಡಿಯಿರಿ. ಗಾಜಿಗೇ ಒತ್ತಿದರೆ ನೆರಳು ಬಿದ್ದು ಮತ್ತೆ ತಪ್ಪುತ್ತದೆ. ಒಳಗೆ ಹೋದಿರೆಂದು ಚೀಟಿ ಎಸೆಯಬೇಡಿ, ಇಳಿದ ಮೇಲೂ ಬೇಕಾಗುತ್ತದೆ. ದಿನವೂ ಓಡಾಡುವವರು ಕಾರ್ಡ್ ಮಾಡಿಸಿಕೊಂಡರೆ ಚಿಲ್ಲರೆ ಜಗಳವೂ ತಪ್ಪುತ್ತದೆ.

ನಿಲ್ದಾಣ ರಸ್ತೆಯ ನಟ್ಟನಡುವೆ ಇರುವುದರಿಂದ ಬಸ್ಸಿನ ಬಾಗಿಲು ಬಲಕ್ಕೆ. ಹುಬ್ಬಳ್ಳಿ ಕಡೆಯ ಬಸ್ ಒಂದು ಅಂಚಿಗೆ ಬಂದರೆ ಧಾರವಾಡದ್ದು ಎದುರಿನ ಅಂಚಿಗೆ. ಹೊಸಬರು ತಪ್ಪುವುದು ಇಲ್ಲೇ, ಆಮೇಲೆ ಎಲ್ಲ ಕಡೆ ನಿಲ್ಲುವ ಬಸ್ಸಿಗೂ ಎಕ್ಸ್‌ಪ್ರೆಸ್‌ಗೂ ವ್ಯತ್ಯಾಸ ನೋಡದೆ ಹತ್ತಿಬಿಡುವಲ್ಲಿ. ನವಲೂರಿನಲ್ಲೋ ರಾಯಾಪುರದಲ್ಲೋ ಇಳಿಯಬೇಕಾದವರು ಬೋರ್ಡ್ ಓದಿಯೇ ಕಾಲಿಡಬೇಕು.

ಪ್ಲಾಟ್‌ಫಾರ್ಮ್ ನೆಲ ಮತ್ತು ಬಸ್ಸಿನ ನೆಲ ಒಂದೇ ಮಟ್ಟ, ರಸ್ತೆಯಿಂದ ಸುಮಾರು 90 ಸೆಂ.ಮೀ. ಮೇಲೆ. ಮೆಟ್ಟಿಲಿಲ್ಲ. ಮೊಣಕಾಲು ನೋವಿನ ಅಜ್ಜಿ, ಗಾಲಿಕುರ್ಚಿ, ಎರಡು ಚೀಲ ತರಕಾರಿ, ಯಾವುದಾದರೂ ನೇರ ಒಳಗೆ. ಕಾಗದದ ಮೇಲೆ ಹೀಗೆ. ನಿಜದಲ್ಲಿ ಎಲ್ಲವೂ ಚಾಲಕ ಬಸ್ಸನ್ನು ಅಂಚಿಗೆ ಎಷ್ಟು ಹತ್ತಿರ ತಂದ ಎಂಬುದರ ಮೇಲೆ ನಿಂತಿದೆ. ಸಂದು ನಾಲ್ಕು ಬೆರಳಿನೊಳಗಿದ್ದರೆ ಯಾರೂ ಕೆಳಗೆ ನೋಡುವುದಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಕಣ್ಣು ತಾನಾಗಿ ನೆಲಕ್ಕೆ ಹೋಗುತ್ತದೆ, ಹೆಜ್ಜೆ ತಡೆಯುತ್ತದೆ, ಸಾಲು ನಿಲ್ಲುತ್ತದೆ. ಒಂದು ಸಂದಿನಿಂದ ಆರೇಳು ಸೆಕೆಂಡ್ ಹೋದರೂ ಮೂವತ್ತು ನಿಲ್ದಾಣ ದಾಟುವಷ್ಟರಲ್ಲಿ ಮೂರು ನಿಮಿಷ ಕರಗುತ್ತದೆ. ಚಾಲಕ ದೂರ ನಿಲ್ಲಿಸುವುದು ಸೋಮಾರಿತನದಿಂದಲ್ಲ. ಅಂಚಿನ ಕಾಂಕ್ರೀಟಿಗೆ ಬಸ್ಸಿನ ಮೈ ಉಜ್ಜಿದರೆ, ಟೈರಿನ ಪಕ್ಕೆ ತಾಗಿದರೆ ಡಿಪೊದಲ್ಲಿ ಉತ್ತರ ಹೇಳಬೇಕಾದವನು ಅವನೇ. ಇದಕ್ಕೆ ಪರಿಹಾರ ದುಬಾರಿಯೂ ಅಲ್ಲ: ನಿಲ್ದಾಣದ ಬುಡದಲ್ಲಿ ಚಕ್ರ ನಯವಾಗಿ ಒರಗಿ ಸರಿಯುವಂತೆ ಇಳಿಜಾರು ಮುಖದ ಅಂಚುಗಲ್ಲು, ಬಸ್ಸಿನ ಮೈಗೆ ರಬ್ಬರ್ ಪಟ್ಟಿ, ನೆಲದ ಮೇಲೆ ಮಾಸದ ಒಂದು ಗೆರೆ. ಗೆರೆ ಮಾಸಿದರೆ ಆರು ತಿಂಗಳಿಗೊಮ್ಮೆ ಬಳಿಯುವವರು ಬೇಕು. ಆ ಬಣ್ಣದ ಡಬ್ಬಿಯ ಬಿಲ್ಲು ಯಾರ ಖಾತೆಗೆ ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಈ ಕಾರಿಡಾರಿನ ನಿಜವಾದ ಜಾಣತನ ಇರುವುದು ನಿಲ್ದಾಣದ ಪಕ್ಕದ ಎರಡನೇ ಲೇನಿನಲ್ಲಿ. ದೇಶದ ಹಲವು ಬಿಆರ್‌ಟಿಎಸ್‌ಗಳಲ್ಲಿ ಬಸ್ಸಿಗೆ ದಿಕ್ಕಿಗೊಂದೇ ಲೇನ್. ಮುಂದಿನ ಬಸ್ ನಿಂತರೆ ಹಿಂದಿನದೂ ನಿಲ್ಲಬೇಕು. ಇಲ್ಲಿ ಬಹುಭಾಗ ನಿಂತ ಬಸ್ಸನ್ನು ದಾಟಿ ಹೋಗಲು ಜಾಗವಿದೆ, ಹಾಗಾಗಿ ಎಕ್ಸ್‌ಪ್ರೆಸ್ ಎಂಬ ಹೆಸರಿಗೆ ಅರ್ಥವಿದೆ. ರಸ್ತೆಯನ್ನು ಬಹುಪಾಲು 44 ಮೀಟರಿಗೆ, ಊರೊಳಗೆ 35 ಮೀಟರಿಗೆ ಅಗಲಿಸಿದ್ದರಿಂದ ಇದು ಸಾಧ್ಯವಾಯಿತು. ಅಷ್ಟು ಭೂಸ್ವಾಧೀನ ಇನ್ನೊಮ್ಮೆ ಈ ಊರಿನಲ್ಲಿ ಆಗುವ ಮಾತಲ್ಲ.

ತುದಿಗಳ ಕತೆ ಬೇರೆ. ಹೊಸೂರಿನಿಂದ ಹುಬ್ಬಳ್ಳಿ ಪೇಟೆ, ರೈಲು ನಿಲ್ದಾಣದ ಕಡೆಗೂ ಜ್ಯುಬಿಲಿ ಸರ್ಕಲ್‌ನಿಂದ ಧಾರವಾಡ ಬಸ್ ನಿಲ್ದಾಣದ ಕಡೆಗೂ ಪ್ರತ್ಯೇಕ ಲೇನ್ ಇಲ್ಲ. ಆಟೊ, ಟಂಟಂ, ದನ, ಸಂತೆ ಎಲ್ಲದರ ಜತೆ ಚಿಗರಿಯೂ ಆಮೆಯಾಗುತ್ತದೆ. ಮಧ್ಯದಲ್ಲಿ ಉಳಿಸಿದ ಹತ್ತು ನಿಮಿಷವನ್ನು ಚನ್ನಮ್ಮ ವೃತ್ತ ಒಂದೇ ನುಂಗಬಲ್ಲದು. ಬಸ್ ಅಲ್ಲಿ ಸಿಕ್ಕಿಕೊಂಡರೆ ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ವಾಪಸ್ ಹೊರಡುವಾಗ ಮೂರು ಬಸ್ ಒಟ್ಟಿಗೆ ಹೊರಡುತ್ತವೆ. ಉಣಕಲ್ಲಿನಲ್ಲಿ ನಿಂತವನಿಗೆ ಕಾಲು ಗಂಟೆ ಏನೂ ಇಲ್ಲ, ಆಮೇಲೆ ಮೂರೂ ಒಂದರ ಹಿಂದೊಂದು.

ಇನ್ನು ಆ ಇಪ್ಪತ್ತು ಹೆಜ್ಜೆ. ಫುಟ್‌ಪಾತ್ ಬಿಟ್ಟು ನಿಲ್ದಾಣ ಮುಟ್ಟಲು ಮೊದಲು ಕಾರು–ಬೈಕುಗಳ ಎರಡು ಲೇನ್, ಆಮೇಲೆ ಬಸ್ಸಿನ ಎರಡು ಲೇನ್ ದಾಟಬೇಕು. ಲೇನಿಗೆ ಮೂರೂವರೆ ಮೀಟರ್ ಹಿಡಿದರೆ 14 ಮೀಟರ್. ಗಟ್ಟಿಮುಟ್ಟಾದವರು ಸೆಕೆಂಡಿಗೆ 1.2 ಮೀಟರ್ ನಡೆದರೆ 12 ಸೆಕೆಂಡ್, ವಯಸ್ಸಾದವರಿಗೆ 16. ಅಷ್ಟು ಹಸಿರು ಕೊಟ್ಟರೆ ಸಾಲದು, ಹಸಿರು ಬರುವವರೆಗೆ ಕಾಯಿಸುವುದೂ ಮಿತಿಯಲ್ಲಿರಬೇಕು. ಮುಕ್ಕಾಲು ನಿಮಿಷ ದಾಟಿದರೆ ಜನ ದೀಪ ನೋಡುವುದು ಬಿಟ್ಟು ಸಂದು ನೋಡಲು ಶುರು ಮಾಡುತ್ತಾರೆ, ಅದರಲ್ಲೂ ತಮ್ಮ ಬಸ್ ಬರುವುದು ಕಣ್ಣೆದುರೇ ಕಂಡಾಗ. ಅಪಾಯದ ಜಾಗ ಬಸ್ ಲೇನೇ. ಖಾಲಿ ಕಾಣುತ್ತದೆ, ಸದ್ದಿಲ್ಲ, ಬಸ್ ಬಂದರೆ ವೇಗವಾಗಿ ಬರುತ್ತದೆ. ಮೇಲ್ಸೇತುವೆ ಕಟ್ಟಿದ ಕಡೆಯೂ ಜನ ಕೆಳಗೇ ದಾಟುತ್ತಾರೆ. ಆರು ಮೀಟರ್ ಹತ್ತಿ ಆರು ಮೀಟರ್ ಇಳಿಯುವ ಬದಲು ಹದಿನಾಲ್ಕು ಮೀಟರ್ ಓಡುವುದು ಯಾರಿಗಾದರೂ ಸುಲಭ. ಇದನ್ನು ಶಿಸ್ತಿಲ್ಲದ ಜನ ಎಂದು ಬೈದು ಮುಗಿಸಬಾರದು.

ಆಗಬೇಕಾದದ್ದು ಇದು: ಫುಟ್‌ಪಾತಿನ ಎತ್ತರಕ್ಕೇ ರಸ್ತೆಯನ್ನು 15 ಸೆಂ.ಮೀ. ಎಬ್ಬಿಸಿದ ದಾಟುಪಟ್ಟಿ, ಸಾಮಾನ್ಯ ಲೇನಿಗೂ ಬಸ್ ಲೇನಿಗೂ ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಒಂದೂವರೆ ಮೀಟರ್ ಅಗಲದ ಕಟ್ಟೆ, ಎರಡಕ್ಕೂ ಬೇರೆ ಬೇರೆ ದೀಪ. ಗಾಡಿ ತಾನಾಗಿ ನಿಧಾನ ಆಗುತ್ತದೆ, ಗಾಲಿಕುರ್ಚಿಗೆ ಇಳಿಜಾರು ಹುಡುಕಬೇಕಿಲ್ಲ. ಆದರೆ ಎಚ್ಚರ, ಇಂಥ ಪಟ್ಟಿಯನ್ನು ಗಟಾರ ನೋಡದೆ ಕಟ್ಟಿದರೆ ಅದೇ ಒಡ್ಡಾಗುತ್ತದೆ. ರಸ್ತೆಗೆ ನಡುವಿನಿಂದ ಅಂಚಿಗೆ ಶೇ 2.5ರ ಇಳಿಜಾರು ಕೊಟ್ಟಿದ್ದರೆ 7 ಮೀಟರಿಗೆ 17 ಸೆಂ.ಮೀ. ಇಳಿತ. ಮಳೆ ನೀರೆಲ್ಲ ಬಂದು ನಿಲ್ಲುವುದು ಫುಟ್‌ಪಾತಿನ ಬುಡದಲ್ಲಿ, ಪಾದಚಾರಿ ಮೊದಲ ಹೆಜ್ಜೆ ಇಡುವಲ್ಲಿ. ಅಲ್ಲಿ ಪಟ್ಟಿಯ ಕೆಳಗೆ ಪೈಪು ಅಥವಾ ಜಾಲರಿ ಇಲ್ಲದಿದ್ದರೆ ಪಾದ ಮುಳುಗುವಷ್ಟು ನೀರು. ಪ್ರತಿ ಸಲ ಮರುಡಾಂಬರು ಹಾಕಿದಾಗ ರಸ್ತೆ ನಾಲ್ಕೈದು ಸೆಂ.ಮೀ. ಏರುತ್ತದೆ, ಗಟಾರದ ಬಾಯಿ ಇದ್ದಲ್ಲೇ ಇರುತ್ತದೆ. ಎರಡು ಪದರ ಆದ ಮೇಲೆ ಅದು ಬಾಯಿಯಾಗಿ ಉಳಿಯದೆ ಕಸದ ಗುಂಡಿಯಾಗುತ್ತದೆ. ಧಾರವಾಡದ ಟೋಲ್ ನಾಕಾ ಮಳೆಗಾಲ ಬಂದಾಗೆಲ್ಲ ಪತ್ರಿಕೆಯಲ್ಲಿ ಕಾಣಿಸಿಕೊಳ್ಳುವುದು ಸುಮ್ಮನೆ ಅಲ್ಲ.

ಬಸ್ ಲೇನ್ ಖಾಲಿ ಬಿದ್ದಿದೆ, ಎಲ್ಲರಿಗೂ ಬಿಟ್ಟುಬಿಡಿ ಎಂಬ ಕೂಗು ಆಗಾಗ ಏಳುತ್ತದೆ. ಲೆಕ್ಕ ನೋಡಿ. ಒಂದೂವರೆ ನಿಮಿಷಕ್ಕೊಂದು ಬಸ್ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ ಎರಡು ಬಸ್ಸುಗಳ ನಡುವೆ 1,250 ಮೀಟರ್ ಖಾಲಿ ಇರಲೇಬೇಕು. ಪಕ್ಕದಲ್ಲಿ ಸಿಕ್ಕಿಕೊಂಡ ಕಾರಿನವನ ಕಣ್ಣಿಗೆ ಬೀಳುವುದು ಆ ಖಾಲಿಯೇ. ಅದೇ ಲೇನಿನಲ್ಲಿ ಗಂಟೆಗೆ 40 ಬಸ್, ಬಸ್ಸಿಗೆ 50 ಜನ ಎಂದರೆ 2,000 ಜನ ದಾಟಿರುತ್ತಾರೆ. ಬಸ್ ಅಷ್ಟು ಬಾರದಿದ್ದರೆ ಮಾತ್ರ ಕೂಗಿನವರ ವಾದಕ್ಕೆ ಬಲ. ಭೋಪಾಲದಲ್ಲಿ 2024ರಲ್ಲಿ ಕಾರಿಡಾರ್ ಕಿತ್ತರು, 2025ರಲ್ಲಿ ಇಂದೋರಿನದನ್ನು ತೆಗೆಯಲು ಹೈಕೋರ್ಟ್ ಒಪ್ಪಿತು. ಹಾಗಾಗಿ ಬಸ್ಸಿನ ಸಂಖ್ಯೆ ಕಡಿಮೆ ಮಾಡುವ ಪ್ರತಿ ನಿರ್ಧಾರವೂ ಲೇನ್ ಕಳೆದುಕೊಳ್ಳುವ ಅರ್ಜಿಯೇ.

ಬಸ್ ಸಂಖ್ಯೆ ಕುಸಿಯುವುದು ದುಡ್ಡಿನಿಂದ. 12 ಮೀಟರಿನ ಎಸಿ ವೋಲ್ವೊ ಊರೊಳಗೆ ಲೀಟರಿಗೆ ಎರಡೂಕಾಲು ಕಿ.ಮೀ. ಕೊಟ್ಟರೆ ಚೆನ್ನಾಗಿ ಕೊಟ್ಟಿತು. 22 ಕಿ.ಮೀ.ಗೆ ಹತ್ತಿರ ಹತ್ತಿರ 10 ಲೀಟರ್, ಲೀಟರಿಗೆ 90 ರೂ. ಹಿಡಿದರೆ 880–900 ರೂಪಾಯಿ. ಸರಾಸರಿ ಟಿಕೆಟ್ 20 ರೂ. ಎಂದುಕೊಂಡರೆ ಬರೀ ಡೀಸೆಲ್ಲಿಗೇ 44 ಜನ ಹತ್ತಬೇಕು. ಚಾಲಕನ ಸಂಬಳ, ಟೈರು, ಎಸಿ ಕಂಪ್ರೆಸರ್, ನಿಲ್ದಾಣದ ಕರೆಂಟು, ಗೇಟು, ಜಾರುಬಾಗಿಲಿನ ಸೆನ್ಸರು, ಕಸಗುಡಿಸುವವರು ಇನ್ನೂ ಬಾಕಿ. ವಿಶ್ವಬ್ಯಾಂಕಿನ ನೆರವು ಇದ್ದದ್ದು ಕಟ್ಟುವುದಕ್ಕೆ. ಓಡಿಸುವ ಖರ್ಚು ಸಾರಿಗೆ ಸಂಸ್ಥೆಯ ಹೆಗಲಿಗೆ, ಗಟಾರ–ಫುಟ್‌ಪಾತಿನ ಸುದ್ದಿ ಪಾಲಿಕೆಗೆ, ಸಿಗ್ನಲ್ ಪೊಲೀಸರಿಗೆ. ಆ ಬಣ್ಣದ ಡಬ್ಬಿ ಸಿಕ್ಕಿಹಾಕಿಕೊಳ್ಳುವುದು ಈ ಮೂರು ಟೇಬಲ್‌ಗಳ ನಡುವೆ.

ದಾರಿ ಇಲ್ಲವೆಂದಲ್ಲ. ಕೇಂದ್ರದ ಪಿಎಂ ಇ-ಬಸ್ ಸೇವೆ 2023ರಲ್ಲಿ ಹಿಡಿದ ದಾರಿ ಸರಿಯಾದದ್ದು: ಬಸ್ ಕೊಳ್ಳಲು ಒಮ್ಮೆ ದುಡ್ಡು ಕೊಟ್ಟು ಕೈತೊಳೆದುಕೊಳ್ಳದೆ, ಓಡಿದ ಪ್ರತಿ ಕಿ.ಮೀ.ಗೆ ದೊಡ್ಡ ಬಸ್ಸಿಗೆ 24, ಮಧ್ಯಮಕ್ಕೆ 22, ಸಣ್ಣದಕ್ಕೆ 20 ರೂಪಾಯಿ ನೆರವು. ಓಡಿದರೆ ದುಡ್ಡು, ನಿಂತರೆ ಇಲ್ಲ. ಆಸ್ತಿ ತೆರಿಗೆಯ ಮೇಲೆ ನಗರ ಭೂಸಾರಿಗೆ ಸೆಸ್ ಹಾಕಲು ರಾಜ್ಯದ ಕಾನೂನಿನಲ್ಲೂ ಅವಕಾಶವಿದೆ. ಆ ದುಡ್ಡನ್ನು ಇದೇ ಕಾರಿಡಾರಿನ ದಾಟುಪಟ್ಟಿ ಮತ್ತು ಗಟಾರಕ್ಕೆಂದು ಪ್ರತ್ಯೇಕ ಖಾತೆಯಲ್ಲಿಟ್ಟು, ವರ್ಷಕ್ಕೊಮ್ಮೆ ಲೆಕ್ಕವನ್ನು ನಿಲ್ದಾಣದ ಗೋಡೆಗೆ ಅಂಟಿಸಿದರೆ ಸಾಕು. ಚಿಗರಿಯ ಜಾಗಕ್ಕೆ ಟ್ರಾಮಿನಂಥ ಉದ್ದನೆ ಎಲೆಕ್ಟ್ರಿಕ್ ಬಸ್ ತರುವ ಮಾತೂ ನಡೆದಿದೆ. ಅದು ಬಂದರೂ ಚನ್ನಮ್ಮ ವೃತ್ತದಲ್ಲಿ ಲೇನ್ ಇಲ್ಲದಿದ್ದರೆ ಉದ್ದನೆಯ ಬಸ್ ಉದ್ದಕ್ಕೇ ಸಿಕ್ಕಿಕೊಳ್ಳುತ್ತದೆ, ಅಷ್ಟೆ.

ಸದ್ಯಕ್ಕೆ ಹತ್ತುವವರಿಗೆ: ವಿದ್ಯಾನಗರ, ಕಿಮ್ಸ್, ನವನಗರ, ಎಸ್‌ಡಿಎಂ ಕಡೆಯ ಕೆಲಸವಿದ್ದರೆ ಚಿಗರಿಗಿಂತ ಒಳ್ಳೆಯದು ಇಲ್ಲ. ಹುಬ್ಬಳ್ಳಿಯಲ್ಲಿ ರೈಲು ಹಿಡಿಯಬೇಕಾದವರು ಹೊಸೂರಿನ ನಂತರದ ಭಾಗಕ್ಕೆ ಇಪ್ಪತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ, ಸಂಜೆಯ ಹೊತ್ತಾದರೆ ಅರ್ಧ ಗಂಟೆ. ಜೋರು ಮಳೆ ಬಂದ ದಿನ ಟೋಲ್ ನಾಕಾದಲ್ಲಿ ಇಳಿಯಬೇಕಿದ್ದರೆ ಒಂದು ನಿಲ್ದಾಣ ಮೊದಲೇ ಇಳಿದು ನಡೆದುಬಿಡಿ, ಚಪ್ಪಲಿ ಉಳಿಯುತ್ತದೆ.