ವೃತ್ತಿಪರ ಆಟಗಾರರ ವ್ಯವಹಾರ ನೋಡಿಕೊಳ್ಳಲು ಸ್ವಂತ ಏಜೆನ್ಸಿನಾ, ದೊಡ್ಡ ಏಜೆನ್ಸಿನಾ, ಇಲ್ಲಾ ವಕೀಲರಷ್ಟೇ ಸಾಕಾ?

ಮೊದಲು ದುಡ್ಡಿನ ಮಾತು. ಆಟದ ಒಪ್ಪಂದದಲ್ಲಿ ಏಜೆಂಟ್ ಕಮಿಷನ್ ಅಷ್ಟೇನೂ ದೊಡ್ಡದಲ್ಲ, ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಗರಿಷ್ಠ ಶೇ. 3, ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಶೇ. 4. ಜೇಬಿಗೆ ಕತ್ತರಿ ಬೀಳುವುದು ಜಾಹೀರಾತಿನ ಹಣದಲ್ಲಿ, ಅಲ್ಲಿ ಪಾಲು ತುಂಬಾ ಜಾಸ್ತಿ. ಹಾಗಾಗಿ ಗಳಿಕೆಯೆಲ್ಲ ಸಂಬಳದಿಂದಲೇ ಬರುತ್ತಿದ್ದರೆ, ಸುಮ್ನೆ ಆಫೀಸು, ಸಿಬ್ಬಂದಿ ಅಂತ ಖರ್ಚು ಮೈಮೇಲೆ ಎಳೆದುಕೊಳ್ಳಬೇಡಿ. ಗಂಟೆ ಲೆಕ್ಕದ ವಕೀಲರು ಸಾಕು. ಎನ್‌ಎಫ್‌ಎಲ್ ಆಟಗಾರ ಲಮಾರ್ ಜಾಕ್ಸನ್ 2023ರಲ್ಲಿ ಏಜೆಂಟ್ ಇಲ್ಲದೆಯೇ 5 ವರ್ಷಕ್ಕೆ 26 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಅದಕ್ಕೆ ಮುಂಚೆ ಟ್ರೇಡ್ (ಬೇರೆ ತಂಡಕ್ಕೆ ವರ್ಗ) ಕೇಳುವಷ್ಟು ಎಳೆದಾಟವೂ ಆಯಿತು, ಅದನ್ನು ತಡೆದುಕೊಳ್ಳುವ ತಾಳ್ಮೆ ಬೇಕು.

ಇನ್ನು ಸಮಯ. ಟೆನಿಸ್‌ನ ಫೆಡರರ್ 2013ರಲ್ಲಿ ಟೀಮ್8 ಅನ್ನೋ ಸ್ವಂತ ಏಜೆನ್ಸಿ ಶುರುಮಾಡಿದ್ದು ತಮ್ಮ ಏಜೆಂಟ್ ಟೋನಿ ಗಾಡ್ಸಿಕ್ ಜೊತೆ. ಟೆನಿಸ್ ಆಟಗಾರ್ತಿ ನವೋಮಿ ಒಸಾಕಾ 2022ರಲ್ಲಿ ಇವಾಲ್ವ್ ಏಜೆನ್ಸಿ ಕಟ್ಟಿದ್ದು ಕೂಡ ತಮ್ಮ ಏಜೆಂಟ್ ಸ್ಟುವರ್ಟ್ ಡುಗಿಡ್ ಜೊತೆ. ಗಮನಿಸಿದಿರಾ? ಅಭ್ಯಾಸದ ಮಧ್ಯೆ ಫೋನ್ ಎತ್ತುವವರು ಬೇರೆ. ಅಂಥ ನಂಬಿಕಸ್ತರು ಇಲ್ಲದಿದ್ದರೆ ಸ್ವಂತ ಏಜೆನ್ಸಿ ಬೇಡ ಅಂತಲೇ ನನ್ನ ಅನಿಸಿಕೆ.

ಹಿತಾಸಕ್ತಿಯ ತಕರಾರು ಬೇರೆ ಇದೆ. ಟೀಮ್8ನ ಶುರುವಿನ ಕ್ಲೈಂಟ್‌ಗಳಲ್ಲಿ ಟೆನಿಸ್ ಆಟಗಾರ ಡಿಮಿಟ್ರೋವ್ ಒಬ್ಬರು, ಅಂದರೆ ಫೆಡರರ್ ಆಡುತ್ತಿದ್ದ ಅದೇ ಟೂರ್‌ನ ಎದುರಾಳಿ! ಟೆನಿಸ್‌ನಲ್ಲಿ ನಡೆಯಿತು. ತಂಡದ ಆಟವಾದರೆ ಮೊದಲು ಆಟಗಾರರ ಸಂಘದ ನಿಯಮ ಓದಿ.

ಹೆಸರು ಇನ್ನೂ ಆಗಿಲ್ಲದ ಹೊಸಬರಿಗೆ ದೊಡ್ಡ ಏಜೆನ್ಸಿಯೇ ಸುಲಭ. ನೂರು ಜನರಲ್ಲಿ ನೀವೊಬ್ಬರು, ನಿಜ, ಆದರೆ ಬ್ರ್ಯಾಂಡ್‌ಗಳ ಬಾಗಿಲು ತಟ್ಟುವ ಕೆಲಸ ಅವರದು.